ಕಾವಿ ಕೆಂಪು, ಹಂಚಿನ ಕೆಂಪು: ಬಿಟ್‌ಗಳಲ್ಲಿ ಚಿತ್ರ ಮತ್ತು ಬಣ್ಣ

ಉಡುಪಿ ಕಡೆಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಚಿತ್ರ ನೋಡಿರುತ್ತೀರಿ. ಎರಡೇ ಬಣ್ಣ: ಸುಣ್ಣದ ಬಿಳಿ, ಕಾವಿಯ ಕೆಂಪು. ಅಂಥ ಒಂದು ಹೂವಿನ ಮೇಲೆ ಚೌಕಚೌಕವಾಗಿ ಗೆರೆ ಎಳೆದು, ಬಿಳಿ ಮನೆಗೆ 0, ಕೆಂಪು ಮನೆಗೆ 1 ಬರೆಯಿರಿ. ಒಂದೊಂದು ಮನೆಯೂ ಒಂದು ಪಿಕ್ಸೆಲ್, ಅದರಲ್ಲಿ ಬರೆದ 0 ಅಥವಾ 1 ಒಂದು ಬಿಟ್. 00111100 ಎಂಬ ಎಂಟು ಬಿಟ್‌ನ ಸಾಲು ಒಂದು ಬೈಟ್, ದಶಮಾನದಲ್ಲಿ 60. 8×8 ಹೂವಿಗೆ 8 ಬೈಟ್ ಸಾಕು.

1 ಅಂದರೆ ಕೆಂಪು ಎಂದು ಬಿಟ್‌ನೊಳಗೆ ಎಲ್ಲೂ ಬರೆದಿಲ್ಲ. ಅದನ್ನು ಹೇಳುವುದು ಫೈಲ್‌ನ ಆರಂಭದಲ್ಲಿರುವ ಬಣ್ಣದ ಪಟ್ಟಿ. ಆ ಪಟ್ಟಿಯಲ್ಲಿ ಕೆಂಪು ತೆಗೆದು ನೀಲಿ ಹಾಕಿದರೆ, ಒಂದೂ ಪಿಕ್ಸೆಲ್ ಮುಟ್ಟದೆ ಹೂವು ನೀಲಿಯಾಗುತ್ತದೆ. ಅಗಲದ ಕಥೆಯೂ ಅಷ್ಟೇ. 64 ಬಿಟ್‌ಗಳನ್ನು 8×8 ಎಂದೂ ಓದಬಹುದು, 16×4 ಎಂದೂ ಓದಬಹುದು. ಹೆಡರ್‌ನಲ್ಲಿ (ಫೈಲ್‌ನ ಆರಂಭದ ಮಾಹಿತಿ ಭಾಗ) ಅಗಲ ಒಂದೇ ಪಿಕ್ಸೆಲ್ ತಪ್ಪಿದರೂ ಪ್ರತಿ ಸಾಲು ಒಂದೊಂದು ಮನೆ ಜರುಗುತ್ತಾ ಹೋಗಿ ನೆಟ್ಟಗಿನ ಕಂಬ ಓರೆಯಾಗಿ ಕಾಣುತ್ತದೆ.

ಪಿಕ್ಸೆಲ್‌ಗೆ 2 ಬಿಟ್ ಕೊಟ್ಟರೆ 4 ಬಣ್ಣ, 4 ಬಿಟ್‌ಗೆ 16, 8 ಬಿಟ್‌ಗೆ 256. ಮಲ್ಪೆಯ ಸಂಜೆಯ ಆಕಾಶವನ್ನು 16 ಬಣ್ಣಕ್ಕೆ ಇಳಿಸಿ ನೋಡಿ: ನಯವಾಗಿ ಬದಲಾಗುತ್ತಿದ್ದ ಕಿತ್ತಳೆ ಪಟ್ಟೆಪಟ್ಟೆಯಾಗಿ ಒಡೆಯುತ್ತದೆ. ನಡುವಿನ ಛಾಯೆಗೆ ಸಂಖ್ಯೆಯೇ ಉಳಿದಿಲ್ಲವಲ್ಲ.

ಅದಕ್ಕೇ ಫೋಟೋಗಳಿಗೆ ಸಾಮಾನ್ಯವಾಗಿ 24 ಬಿಟ್: ಕೆಂಪು, ಹಸಿರು, ನೀಲಿಗೆ ತಲಾ 8. ಒಟ್ಟು 1,67,77,216 ಬಣ್ಣ. ಮಂಗಳೂರು ಹಂಚಿನ ಒಂದು ಛಾಯೆಯನ್ನು 178, 74, 48 ಎನ್ನೋಣ. 178 ಅಂದರೆ 128+32+16+2, ಹಾಗಾಗಿ 10110010. ಇದನ್ನು ನಾಲ್ಕು ನಾಲ್ಕು ಬಿಟ್ ಮಾಡಿ ಒಡೆದರೆ 1011 (11; 10ರಿಂದ 15ಕ್ಕೆ ಎಯಿಂದ ಎಫ್ ಅಕ್ಷರ ಬಳಸುವ 16ರ ಆಧಾರದ ಹೆಕ್ಸ್ ಬರಹದಲ್ಲಿ ಬಿ) ಮತ್ತು 0010 (2). 74, 48ನ್ನೂ ಹೀಗೇ ಬರೆದು ಮೂರನ್ನೂ ಸೇರಿಸಿದರೆ ಬಿ24ಎ30.

ಇವು ಬಣ್ಣದ ಡಬ್ಬಿಗಳಲ್ಲ, ದೀಪಗಳು. 255, 255, 0, ಅಂದರೆ ಕೆಂಪು, ಹಸಿರು ದೀಪ ಪೂರ್ತಿ ಉರಿದು ನೀಲಿ ಆರಿದರೆ ಹಳದಿ. ಕೆಂಪು ಪೇಂಟಿಗೆ ಹಸಿರು ಪೇಂಟು ಬೆರೆಸಿದರೆ ಬರುವುದು ಮಂಕು ಕಂದು. ನಂಬಿಕೆ ಬಾರದಿದ್ದರೆ ಫೋನ್ ಪರದೆಯ ಬಿಳಿ ಭಾಗದ ಮೇಲೆ ಒಂದು ಸಣ್ಣ ಹನಿ ನೀರು ಬಿಡಿ (ಮಳೆಗಾಲದಲ್ಲಿ ಕೇಳಬೇಕೆ, ಅದೇ ಬೀಳುತ್ತದೆ). ಹನಿ ಮಸೂರದಂತಾಗಿ ಕೆಂಪು, ಹಸಿರು, ನೀಲಿ ಚುಕ್ಕಿಗಳು ಬೇರೆಬೇರೆ ಕಾಣುತ್ತವೆ.

ಗಾತ್ರದ ಲೆಕ್ಕ: ಅಗಲ × ಎತ್ತರ × ಬಿಟ್ ÷ 8. 1200×800×24 = 2,30,40,000 ಬಿಟ್, ಅಂದರೆ 28,80,000 ಬೈಟ್. ಪರೀಕ್ಷೆಯಲ್ಲಿ ಅಂಕ ಹೋಗುವುದು 8ರಿಂದ ಭಾಗಿಸಲು ಮರೆತಾಗ. ಅಗಲ, ಎತ್ತರ ಎರಡನ್ನೂ ಇಮ್ಮಡಿ ಮಾಡಿದರೆ ಗಾತ್ರ ನಾಲ್ಕು ಪಟ್ಟು, ಎರಡಲ್ಲ.

ಪ್ರೋಗ್ರಾಂ ಬರೆದು 24 ಬಿಟ್‌ನ ಬಿಎಂಪಿ ಫೈಲ್ (ಸಾಮಾನ್ಯವಾಗಿ ಪಿಕ್ಸೆಲ್‌ಗಳನ್ನು ಕುಗ್ಗಿಸದೆ ಇಡುವ ಚಿತ್ರದ ಫೈಲ್) ಓದುವವರಿಗೆ ಎರಡು ಕಡೆ ಹೊಂಡ ಇದೆ. ಒಂದು, ಬೈಟ್‌ಗಳ ಕ್ರಮ ನೀಲಿ, ಹಸಿರು, ಕೆಂಪು. ತಿರುಗಿಸದೆ ಓದಿದರೆ ನಮ್ಮ ಹಂಚು 48, 74, 178 ಆಗಿ ನೀಲಿ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು, ಪ್ರತಿ ಸಾಲಿನ ಬೈಟ್‌ಗಳು 4ರ ಗುಣಕವಾಗಿರಬೇಕು. 5 ಪಿಕ್ಸೆಲ್ ಅಗಲವಿದ್ದರೆ 15 ಬೈಟ್, ಅದಕ್ಕೊಂದು ಖಾಲಿ ಬೈಟ್ ಸೇರಿ 16. ಆ ಖಾಲಿಯನ್ನು ಹಾರಿಸದಿದ್ದರೆ ಚಿತ್ರ ಓರೆಯಾಗುವುದಷ್ಟೇ ಅಲ್ಲ, ಸಾಲುಸಾಲಿಗೂ ಬಣ್ಣ ಅದಲುಬದಲಾಗುತ್ತದೆ. ಚಿತ್ರ ತಲೆಕೆಳಗಾಗಿ ಬಂದರೆ ಗಾಬರಿ ಬೇಡ. ಬಿಎಂಪಿ ಸಾಮಾನ್ಯವಾಗಿ ಕೆಳಗಿನ ಸಾಲನ್ನೇ ಮೊದಲು ಇಡುತ್ತದೆ.

ಫೈಲ್‌ನ ಗಾತ್ರ ಕುಗ್ಗಿಸುವಾಗ ಜೆಪೆಗ್ ಎಂಬ ವಿಧಾನ ಚಿತ್ರವನ್ನು 8×8 ತುಂಡು ಮಾಡಿ, ಕಣ್ಣಿಗೆ ಸುಲಭಕ್ಕೆ ತಿಳಿಯದ ಸೂಕ್ಷ್ಮವನ್ನು ಬಿಟ್ಟುಬಿಡುತ್ತದೆ. ಕಡಲು, ಆಕಾಶಕ್ಕೆ ಅದು ಸರಿ. ಕಾವಿ ಚಿತ್ರಕ್ಕೆ ಬೇಡ: ಅಂಚಿನ ಸುತ್ತ ಗೋಡೆಯಲ್ಲಿಲ್ಲದ ಗುಲಾಬಿ ಕಲೆಗಳು ಏಳುತ್ತವೆ, ಮತ್ತೆ ಪಿಎನ್‌ಜಿಗೆ (ಏನನ್ನೂ ಕಳೆಯದೆ ಕುಗ್ಗಿಸುವ ವಿಧಾನ) ಬದಲಿಸಿದರೂ ಅವು ಹೋಗುವುದಿಲ್ಲ. ಮೊದಲೇ ಪಿಎನ್‌ಜಿಯಲ್ಲಿ, ಎರಡು ಬಣ್ಣದ ಪಟ್ಟಿಯೊಂದಿಗೆ ಉಳಿಸಿ.