ಸುಜಾತಾ: ಕಣ್ಣಿಗೆ ಕಾಣುವ ಹಾಗೆ ಬರೆದವರು

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳೋಣ. ತಮಿಳಿನ ಸುಜಾತಾ ಲೇಖಕಿಯಲ್ಲ, ಲೇಖಕ. ನಿಜವಾದ ಹೆಸರು ಎಸ್. ರಂಗರಾಜನ್. ಆಗ 'ಕುಮುದಂ' ವಾರಪತ್ರಿಕೆಯಲ್ಲಿ ರಾ.ಕಿ. ರಂಗರಾಜನ್ ಅಂತ ಇನ್ನೊಬ್ಬ ಲೇಖಕರಿದ್ದರು. ಓದುಗರು ಇಬ್ಬರನ್ನೂ ಒಬ್ಬರೇ ಅಂದುಕೊಳ್ಳಬಾರದು ಅಂತ ಇವರು ಹೆಂಡತಿಯ ಹೆಸರಿಟ್ಟುಕೊಂಡರು.

ಹುಟ್ಟಿದ್ದು 1935ರಲ್ಲಿ, ಚೆನ್ನೈನ ತಿರುವಲ್ಲಿಕೇಣಿಯಲ್ಲಿ. ಬೆಳೆದದ್ದು ತಿರುಚ್ಚಿ ಪಕ್ಕದ ಶ್ರೀರಂಗಂನಲ್ಲಿ, ಅಜ್ಜಿಯ ಹತ್ತಿರ. ಎಂಜಿನಿಯರಿಂಗ್ ಓದಿ ಬೆಂಗಳೂರಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್‌ನಲ್ಲಿ ಬಹುಕಾಲ ಕೆಲಸ ಮಾಡಿದರು. ನಾವು ವೋಟು ಹಾಕುವ ಯಂತ್ರ ಇದೆಯಲ್ಲ, ಅದನ್ನು ರೂಪಿಸಿದ ತಂಡದಲ್ಲಿ ಇವರೂ ಇದ್ದರು. ಹಗಲು ಕಾರ್ಖಾನೆ, ಉಳಿದ ಹೊತ್ತಿನಲ್ಲಿ ವಾರಪತ್ರಿಕೆಗಳಿಗೆ ಧಾರಾವಾಹಿ. ತಮಿಳರು ಕಾದು ಓದಿದ ಎಷ್ಟೋ ಕಥೆಗಳು ನಮ್ಮೂರಲ್ಲೇ ಕೂತು ಬರೆದವು ಅಂತ ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ.

ಇವರ ಗದ್ಯದಲ್ಲಿ ಗಮನಿಸಬೇಕಾದದ್ದು ಒಂದೇ: ಹೇಳುವುದಕ್ಕಿಂತ ತೋರಿಸುವುದು ಜಾಸ್ತಿ. ಒಬ್ಬ ಮೆಟ್ಟಿಲು 'ಇಳಿದನು' ಅನ್ನುವ ಮಾತನ್ನು ಅವರು ಅಕ್ಷರ ಅಕ್ಷರವಾಗಿ ಒಡೆದು, ಒಂದರ ಕೆಳಗೊಂದು ಮೆಟ್ಟಿಲಿನ ಹಾಗೆ ಅಚ್ಚು ಹಾಕಿಸಿದ್ದರು. ಕನ್ನಡದಲ್ಲಿ ಬರೆದು ನೋಡಿ:

ಇ
  ಳಿ
    ದ
      ನು

ಸುಮ್ನೆ ಆಟ ಅನ್ನಿಸಬಹುದು. ಆದರೆ ಓದುವಾಗ ನಿಮ್ಮ ಕಣ್ಣೂ ಅವನ ಜೊತೆ ಇಳಿಯಿತು, ಅಲ್ವಾ?

ಇಂಥವರನ್ನು ಸಿನಿಮಾ ಕರೆದದ್ದು ಸಹಜ. ಮೊದಲು ಕಾದಂಬರಿಗಳು ಹೋದವು: 1977ರಲ್ಲಿ 'ಗಾಯತ್ರಿ', 1978ರಲ್ಲಿ 'ಪ್ರಿಯಾ'. ಎರಡರಲ್ಲೂ ರಜನಿಕಾಂತ್ ಇದ್ದರು. 'ಪ್ರಿಯಾ' ಕನ್ನಡದಲ್ಲೂ ತಯಾರಾಯಿತು, ಅದರಲ್ಲಿ ಅಂಬರೀಶ್ ಇದ್ದಾರೆ. ಆಮೇಲೆ ನೇರವಾಗಿ ಸಿನಿಮಾಕ್ಕೇ ಬರೆದರು. ಮಣಿರತ್ನಂ ಅವರ 'ರೋಜಾ', ಶಂಕರ್ ಅವರ 'ಇಂಡಿಯನ್', 'ಮುದಲ್ವನ್', 'ಅನ್ನಿಯನ್' ಚಿತ್ರಗಳ ಸಂಭಾಷಣೆ ಇವರದೇ. 2008ರಲ್ಲಿ ತೀರಿಕೊಂಡರು. ಇವರೂ ಸಂಭಾಷಣೆ ಬರೆದಿದ್ದ ರೋಬಾಟ್ ಕಥೆಯ ಚಿತ್ರ 'ಎಂದಿರನ್' ತೆರೆಗೆ ಬಂದದ್ದು 2010ರಲ್ಲಿ.

ಯಂತ್ರದ ಕಥೆ ಅವರಿಗೆ ಹೊಸದೇನಲ್ಲ. 'ಎನ್ ಇನಿಯ ಇಯಂದಿರಾ' ಕಾದಂಬರಿಯಲ್ಲಿ ಜೀನೋ ಅನ್ನುವ ರೋಬಾಟ್ ನಾಯಿ ಇದೆ. ಪುಸ್ತಕ ಓದುತ್ತಾ ಓದುತ್ತಾ ಅದು ತಾನೇ ಯೋಚಿಸಲು ಕಲಿಯುತ್ತದೆ. ಕಥೆ ನಡೆಯುವುದು ಒಂದು ಸರ್ವಾಧಿಕಾರದ ನಾಡಲ್ಲಿ. ಅಲ್ಲಿ ಜನರ ಹೆಸರು ಎರಡಕ್ಷರ ಮೀರುವಂತಿಲ್ಲ: ನಿಲಾ, ಸಿಬಿ, ರವಿ. ಆಳುವವನೂ ಎರಡೇ ಅಕ್ಷರದ ಜೀವಾ. ಸರ್ಕಾರ ಮನುಷ್ಯರನ್ನು ಎಷ್ಟು ಮೊಟಕು ಮಾಡಿದೆ ಅಂತ ತಿಳಿಯಲು ಆ ಹೆಸರುಗಳೇ ಸಾಕು.

ಆದರೂ ಹೊಸಬರು 'ನಗರಂ' ಅನ್ನುವ ಸಣ್ಣಕಥೆಯಿಂದಲೇ ಶುರು ಮಾಡಲಿ ಅಂತ ನನ್ನ ಆಸೆ. ಹಳ್ಳಿಯ ವಳ್ಳಿಯಮ್ಮಾಳ್ ಜ್ವರ ಬಂದ ಮಗಳು ಪಾಪ್ಪಾತಿಯನ್ನು ಮದುರೈನ ದೊಡ್ಡಾಸ್ಪತ್ರೆಗೆ ಕರೆತರುತ್ತಾಳೆ. ಮಗುವಿಗೆ ಮಿದುಳಿನ ಪೊರೆಯ ಉರಿಯೂತ. ಕೂಡಲೇ ಸೇರಿಸಿಕೊಳ್ಳಿ ಅಂತ ಹಿರಿಯ ಡಾಕ್ಟರು ಹೇಳುತ್ತಾರೆ. ಅಲ್ಲಿಂದ ಅವಳ ಅಲೆದಾಟ. ಆ ಚೀಟಿ, ಈ ಕೋಣೆ, ಅಲ್ಲೊಂದು ಸಾಲು. ಬರೆದ ಬೋರ್ಡು ಓದಲು ಅವಳಿಗೆ ಬರುವುದಿಲ್ಲ. ಕೊನೆಗೆ ಹಾಸಿಗೆ ಖಾಲಿಯಿಲ್ಲ, ನಾಳೆ ಬೆಳಿಗ್ಗೆ ಏಳೂವರೆಗೆ ಬಾ ಅನ್ನುತ್ತಾರೆ.

ಯಾರೂ ಕೆಟ್ಟವರಲ್ಲ. ಲೇಖಕರು ಯಾರನ್ನೂ ಬೈಯುವುದಿಲ್ಲ, ಅಯ್ಯೋ ಪಾಪ ಅನ್ನುವುದೂ ಇಲ್ಲ. ಅವಳು ಮಗಳನ್ನು ಎತ್ತಿಕೊಂಡು ಸೈಕಲ್ ರಿಕ್ಷಾ ಹತ್ತುವುದನ್ನು ನಾವು ನೋಡುತ್ತೇವೆ, ಅಷ್ಟೇ. ಇದು ಬರೀ ಜ್ವರ, ಊರಿನ ವೈದ್ಯರೇ ವಾಸಿ ಮಾಡುತ್ತಾರೆ ಅಂದುಕೊಳ್ಳುತ್ತಾಳೆ. ಮಗಳಿಗೆ ಗುಣವಾದರೆ ವೈದೀಶ್ವರನ್ ಕೋಯಿಲ್ ದೇವಸ್ಥಾನಕ್ಕೆ ಎರಡು ಕೈ ತುಂಬ ಚಿಲ್ಲರೆ ಕಾಸು ಹಾಕುತ್ತೇನೆ ಅಂತ ಹರಕೆ ಹೊರುತ್ತಾಳೆ.