ಎರಡು ನೀರಿನ ಮೀನು ಏರಿ

ಬೆಂಗಳೂರಿನಲ್ಲಿ ಏರಿ ಅಂದ್ರೆ ಕೆರೆಯ ಏರಿ. ಮಂಗಳೂರು ಕಡೆಯವರಿಗೆ ಅದು ಮೀನು. ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಐಸ್ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯಿಂದ ಹೊರಬರುವಾಗ ಅದಕ್ಕೆ ಇನ್ನಷ್ಟು ಹೆಸರುಗಳು ಅಂಟಿಕೊಂಡಿರುತ್ತವೆ. ಮಲಯಾಳಿಗಳೂ ಏರಿ ಅಂತಾರೆ. ಕೊಂಕಣಿಯವರಿಗೆ ಅದು ಪಾಲು. ಇಂಗ್ಲಿಷ್ ಬೋರ್ಡಿನಲ್ಲಿ ಸೀ ಬ್ರೀಮ್. ತೊಡಕು ಶುರುವಾಗುವುದು ಇಲ್ಲೇ. ಟ್ರಾಲ್ ಬಲೆಗೆ ರಾಶಿ ರಾಶಿ ಬೀಳುವ ಗುಲಾಬಿ ಬಣ್ಣದ ರಾಣಿಮೀನನ್ನೂ ಇಂಗ್ಲಿಷಿನಲ್ಲಿ ಥ್ರೆಡ್‌ಫಿನ್ ಬ್ರೀಮ್ ಅಂತಲೇ ಕರೆಯುತ್ತಾರೆ. ಅದರ ಕುಟುಂಬವೇ ಬೇರೆ. ಏರಿ ಕಮ್ಮಿಯಾಗಿದೆ ಅಂತ ಒಬ್ಬರು, ಬ್ರೀಮ್ ಬೇಕಾದಷ್ಟಿದೆ ಅಂತ ಇನ್ನೊಬ್ಬರು ಹೇಳಿದರೆ, ಇಬ್ಬರ ಮಾತೂ ನಿಜ ಇರಬಹುದು, ಅಲ್ವಾ?

ವಿಜ್ಞಾನದಲ್ಲೂ ಇದೇ ಗೊಂದಲ ಇತ್ತು. ಕೆಂಪು ಸಮುದ್ರದ ಮೀನನ್ನು ನೋಡಿ ಫೋರ್ಸ್ಕಾಲ್ ಎಂಬ ನಿಸರ್ಗವಿಜ್ಞಾನಿ ಬರೆದ ವಿವರಣೆ 1775ರಲ್ಲಿ ಅಚ್ಚಾಯಿತು. ಅದರ ಇಂದಿನ ವೈಜ್ಞಾನಿಕ ಹೆಸರು ಅಕಾಂಥೊಪ್ಯಾಗ್ರಸ್ ಬೆರ್ಡಾ. ಆಮೇಲೆ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೆ ಸಿಕ್ಕ ಕಪ್ಪು ಏರಿಗಳನ್ನೆಲ್ಲ ಬೆರ್ಡಾ ಎಂದೇ ಬರೆದರು. 2010ರಲ್ಲಿ ಪೆಸಿಫಿಕ್ ಕಡೆಯದು ಬೇರೆಯೇ ಜಾತಿ ಅಂತ ಹೆಸರಾಯಿತು. ಹಾಗಾಗಿ ಆಸ್ಟ್ರೇಲಿಯಾದ ಹಳೆಯ ಅಧ್ಯಯನಗಳನ್ನು ನಮ್ಮ ಏರಿಗೆ ಸುಮ್ನೆ ಹೊಂದಿಸುವ ಹಾಗಿಲ್ಲ.

ಏರಿ ಉಪ್ಪುನೀರು, ಸಿಹಿನೀರು ಎರಡರಲ್ಲೂ ಬದುಕುವ ಮೀನು. ಮೈ ಬೂದುಗಪ್ಪು, ಬೆನ್ನಿನ ಮುಳ್ಳು ಗಟ್ಟಿ. ದವಡೆಯ ಒಳಗೆ ನಮ್ಮ ದವಡೆಹಲ್ಲಿನಂಥ ಗುಂಡನೆಯ ಹಲ್ಲುಗಳು. ಏಡಿ, ಚಿಪ್ಪುಮೀನು ಏನು ಸಿಕ್ಕರೂ ಚಿಪ್ಪಿನ ಸಮೇತ ಅರೆದು ತಿನ್ನುತ್ತದೆ. ನದಿ ಸಮುದ್ರ ಸೇರುವ ಅಳಿವೆಬಾಯಿಯ ಹತ್ತಿರ ಮೊಟ್ಟೆ ಬಿಡುತ್ತದೆ, ಮೊಟ್ಟೆಗಳು ನೀರಲ್ಲಿ ತೇಲುತ್ತವೆ. ಮರಿಗಳು ಉಬ್ಬರದ ಜೊತೆ ಒಳಗೆ ಬಂದು ಕಾಂಡ್ಲದ (ಮ್ಯಾಂಗ್ರೋವ್) ಬೇರುಗಳ ನಡುವೆ ಬೆಳೆಯುತ್ತವೆ. ಇನ್ನೊಂದು ಸಂಗತಿ ಕೊಳ್ಳುವವರೂ ತಿಳಿದಿರಬೇಕು. ಏರಿ ಮೊದಲು ಗಂಡಾಗಿರುತ್ತದೆ, ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ. ಅಂದರೆ ನಾವು ಆರಿಸಿ ಆರಿಸಿ ತೂಗಿಸುವ ದೊಡ್ಡ ಮೀನುಗಳಲ್ಲಿ ತಾಯಂದಿರೇ ಜಾಸ್ತಿ.

ಇಂಥ ಮೀನಿಗೆ ಸಮುದ್ರವಷ್ಟೇ ಸಾಲದು. ಒಳಗೆ ಬರಲು ದಾರಿ ಬೇಕು. ಉತ್ತರ ಕನ್ನಡದ ಅಘನಾಶಿನಿ ನದಿಯ ಗಜನಿ ಗದ್ದೆಗಳು ಆ ದಾರಿಯನ್ನು ಬಹಳ ಕಾಲ ಉಳಿಸಿಕೊಂಡಿದ್ದವು. ನದಿಯ ಅಂಚಿನ ತಗ್ಗು ನೆಲಕ್ಕೆ ಮಣ್ಣಿನ ಕಟ್ಟೆ ಹಾಕುತ್ತಿದ್ದರು. ಕಟ್ಟೆಗೆ ಹಲಗೆಯ ಬಾಗಿಲು. ಮಳೆಗಾಲದಲ್ಲಿ ಬಾಗಿಲು ಹಾಕಿ ಕಗ್ಗ ಭತ್ತ ಬೆಳೆಯುವುದು. ಕಗ್ಗ ಉಪ್ಪನ್ನು ತಡೆದುಕೊಳ್ಳುವ ತಳಿ, ಗೊಬ್ಬರ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆಯುವುದು. ಉಬ್ಬರದ ನೀರು ಸಿಗಡಿಯನ್ನೂ ಮೀನಿನ ಮರಿಗಳನ್ನೂ ಒಳಗೆ ತರುತ್ತಿತ್ತು. ಕೊಳೆತ ಕೂಳೆಯ ನಡುವೆ ಅವುಗಳಿಗೆ ತಿನ್ನಲು ಬೇಕಾದಷ್ಟು ಇರುತ್ತಿತ್ತು. ಇಳಿತಕ್ಕೆ ಬಾಗಿಲ ಬಾಯಿಗೆ ಬಲೆ ಕಟ್ಟಿದರೆ ಊರಿಗೆಲ್ಲ ಮೀನು. ಕಟ್ಟೆ ಕೊಚ್ಚಿಹೋಗದಿರಲಿ ಅಂತ ರೈತರೇ ಅಂಚಿನ ಕಾಂಡ್ಲವನ್ನು ಉಳಿಸಿಕೊಳ್ಳುತ್ತಿದ್ದರು. ಮೀನನ್ನು ಹೊರಗಿಡುವ ಕಟ್ಟೆಯಲ್ಲ ಅದು, ಕಾಲ ನೋಡಿ ಒಳಗೆ ಬಿಡುವ ಕಟ್ಟೆ.

1970ರ ದಶಕದಲ್ಲಿ ಗಟ್ಟಿ ಕಲ್ಲಿನ ಕಟ್ಟೆಗಳು ಬಂದವು. ವರ್ಷವರ್ಷ ಮಣ್ಣು ಹೊರುವ ಕಷ್ಟ ತಪ್ಪಲಿ ಅನ್ನುವ ಉದ್ದೇಶ ಒಳ್ಳೆಯದೇ. ಆದರೆ ಕಟ್ಟೆಗೆ ಕಾಂಡ್ಲದ ಆಸರೆ ಬೇಡವಾಯಿತು, ಕಾಂಡ್ಲ ಹೋಯಿತು. ಮುಂದೆ ಸಿಗಡಿ ಕೃಷಿಯ ಆಸೆ ಬಂತು, 1990ರ ದಶಕದ ಮಧ್ಯದಲ್ಲಿ ಸಿಗಡಿಗೆ ಬಿಳಿಚುಕ್ಕೆ ರೋಗವೂ ಬಂತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗೆ ಸಾಂಪ್ರದಾಯಿಕವಲ್ಲದ ಸಿಗಡಿ ಕೊಳಗಳು ಬೇಡ ಎಂದಿತು.

ಬೇರೆ ನದಿಗಳಲ್ಲಿ ತಡೆ ಬಿದ್ದದ್ದು ಮೇಲ್ಗಡೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು. ಶರಾವತಿಗೆ ಲಿಂಗನಮಕ್ಕಿ. ವಿದ್ಯುತ್ ಮಾಡಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಇಳಿದುಬಂದು ಅಳಿವೆಯ ಉಪ್ಪಿನ ಲೆಕ್ಕ ತಪ್ಪಿಸಿತು. ಏರಿ ಸಿಹಿನೀರನ್ನೂ ತಾಳಿಕೊಳ್ಳುತ್ತದೆ. ಆದರೆ ಅದು ತಿನ್ನುವ ಬಳಚು, ಕಲ್ವದಂಥ ಚಿಪ್ಪುಮೀನುಗಳಿಗೆ ಉಪ್ಪು ಬೇಕೇ ಬೇಕು. ಬೆಂಗಳೂರಿನ ದೀಪಗಳಿಗೂ ಈ ನೀರಿಗೂ ನಂಟಿದೆ. 2019ರಲ್ಲಿ ಲಿಂಗನಮಕ್ಕಿಯ ನೀರನ್ನೇ ಬೆಂಗಳೂರಿಗೆ ತರುವ ಮಾತು ಎದ್ದು ಮಲೆನಾಡು ಸಿಡಿದೆದ್ದಿತು. ಆಗ ಅಳಿವೆಯ ಮೀನಿನ ಬಗ್ಗೆ ಮಾತಾಡಿದವರು ಕಡಿಮೆ.

ಶಿರಸಿಯಿಂದ ಸಮುದ್ರದವರೆಗೆ ಸುಮಾರು 120 ಕಿ.ಮೀ. ಹರಿಯುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಅದರ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಅಂದರೆ ರಾಮ್ಸಾರ್ ತಾಣ, ಎಂದು 2024ರ ಜನವರಿಯಲ್ಲಿ ಪ್ರಕಟವಾಯಿತು. ಅರಣ್ಯ ಇಲಾಖೆ ಕಾಂಡ್ಲ ನೆಡುತ್ತಾ ಬಂದಿದೆ. ಕುಮಟಾ ತಾಲ್ಲೂಕಿನ ಮಾಣಿಕಟ್ಟಾದಲ್ಲಿ ಈಗಲೂ ಕಗ್ಗ ಬೆಳೆಯುತ್ತಾರೆ. ಕೊಯ್ಲಾದ ಮೇಲೆ ಉಬ್ಬರಕ್ಕೆ ಬಾಗಿಲು ತೆರೆಯುತ್ತಾರೆ.