ಎರಡು ಡುಬ್ಬದ ಒಂಟೆ

"ಕೋಡಿಂಗ್‌ಗೆ ಬೇರೆ ಥರದ ತಲೆಯೇ ಬೇಕು. ಇದ್ದವರಿಗೆ ಇರುತ್ತೆ, ಇಲ್ಲದವರಿಗೆ ಇಲ್ಲ." ಈ ಮಾತನ್ನು ಅಪ್ಪ ಅಮ್ಮ ಹೇಳಿದರೆ ಸಹಿಸಿಕೊಳ್ಳಬಹುದು. ಆದರೆ ಕಂಪ್ಯೂಟರ್ ವಿಜ್ಞಾನವನ್ನೇ ಕಲಿಸುವವರು, ಪುರಾವೆಯಿಲ್ಲದೆ ಯಾವುದನ್ನೂ ಒಪ್ಪಬೇಡಿ ಎಂದು ತರಗತಿಯಲ್ಲಿ ಹೇಳುವವರು, ಸ್ಟಾಫ್ ರೂಮಿಗೆ ಬಂದು ಇದನ್ನೇ ಹೇಳುತ್ತಾರೆ. ಹಣೆಬರಹ ನಂಬುವವರನ್ನು ಕಂಡರೆ ನಗುವ ಈ ಮಂದಿಗೆ ಹಣೆಯ ಹಿಂದೆ ಮಿದುಳಿನಲ್ಲಿ ಇನ್ನೊಂದು ಬರಹ ಇದೆಯೆಂದು ನಂಬಲು ಯಾವ ಮುಜುಗರವೂ ಇಲ್ಲ. ಯಾರು ಕಂಪ್ಯೂಟರ್ ಓದುತ್ತಾರೆ, ಯಾರು ಮೊದಲ ಸೆಮಿಸ್ಟರ್‌ನಲ್ಲೇ ಬಿಟ್ಟುಹೋಗುತ್ತಾರೆ ಎಂಬ ಪ್ರಶ್ನೆಯ ಬುಡದಲ್ಲಿ ಕೂತಿರುವುದು ಈ ನಂಬಿಕೆಯೇ.

ಇದಕ್ಕೆ 2006ರಲ್ಲಿ ಒಂದು ಒಂಟೆಯೂ ಸಿಕ್ಕಿತು. ಇಂಗ್ಲೆಂಡಿನ ಮಿಡ್ಲ್‌ಸೆಕ್ಸ್ ವಿಶ್ವವಿದ್ಯಾಲಯದ ಸಯೀದ್ ದೆಹನಾದಿ ಮತ್ತು ರಿಚರ್ಡ್ ಬೊರ್ನಾಟ್ ಒಂದು ಬರಹವನ್ನು ಹಂಚಿದರು. ಪ್ರೋಗ್ರಾಮಿಂಗ್ ತರಗತಿಯಲ್ಲಿ ಎಷ್ಟು ಅಂಕ ಎಷ್ಟು ಜನಕ್ಕೆ ಎಂಬ ನಕ್ಷೆ ಒಂಟೆಯ ಬೆನ್ನಿನ ಹಾಗೆ, ಅದರಲ್ಲಿ ಎರಡು ಡುಬ್ಬ: ಒಂದು ಪ್ರೋಗ್ರಾಮಿಂಗ್ ಬರುವವರದು, ಇನ್ನೊಂದು ಬಾರದವರದು. ಪಾಠ ಶುರುವಾಗುವ ಮೊದಲೇ ಒಂದು ಸಣ್ಣ ಪರೀಕ್ಷೆ ಕೊಟ್ಟು ಯಾರು ಯಾವ ಡುಬ್ಬದವರೆಂದು ಹೇಳಬಹುದು ಎನ್ನುವುದು ಅವರ ವಾದ. ಬರಹ ಕಾಳ್ಗಿಚ್ಚಿನಂತೆ ಹಬ್ಬಿತು. ಅನೇಕ ಮೇಷ್ಟ್ರುಗಳಿಗೆ ಇದು ಬಿಡುಗಡೆಯ ಸುದ್ದಿ: ಮಕ್ಕಳು ಫೇಲಾದರೆ ತಪ್ಪು ಪಾಠದ್ದಲ್ಲ!

ಮರುವರ್ಷವೇ ಡೆನ್ಮಾರ್ಕಿನಲ್ಲಿ ಅದೇ ಪರೀಕ್ಷೆ ಮಾಡಿದವರಿಗೆ ಅಂಥ ಸಂಬಂಧ ಸಿಗಲಿಲ್ಲ. 2014ರಲ್ಲಿ ಬೊರ್ನಾಟ್ ತಾವೇ ಆ ವಾದವನ್ನು ವಾಪಸು ಪಡೆದರು. ವಾಪಸಾತಿ ಮಾತ್ರ ಕಾಳ್ಗಿಚ್ಚಾಗಲಿಲ್ಲ.

ಹಾಗಾದರೆ ಆ ಡುಬ್ಬಗಳಾದರೂ ನಿಜವೇ? ಎಲಿಜಬೆತ್ ಪಟಿಟ್ಸಾಸ್ ಮತ್ತು ಸಂಗಡಿಗರು 2016ರಲ್ಲಿ ಕೆನಡಾದ ಒಂದು ದೊಡ್ಡ ವಿಶ್ವವಿದ್ಯಾಲಯದ 778 ಕಂಪ್ಯೂಟರ್ ತರಗತಿಗಳ ಅಂತಿಮ ಅಂಕಗಳನ್ನು ಹರಡಿಕೊಂಡು ನೋಡಿದರು. ಒಂದಕ್ಕಿಂತ ಹೆಚ್ಚು ಡುಬ್ಬ ಇದೆಯೆಂದು ಸಂಖ್ಯಾಶಾಸ್ತ್ರ ಒಪ್ಪಬಹುದಾದದ್ದು ಶೇ 5.8ರಷ್ಟರಲ್ಲಿ ಮಾತ್ರ. ಆಮೇಲೆ ಅವರು ಮಾಡಿದ ಕಿತಾಪತಿ ನನಗೆ ಇನ್ನೂ ಇಷ್ಟ. ಹೀಗೂ ಕಾಣಬಹುದು ಹಾಗೂ ಕಾಣಬಹುದು ಎಂಬಂಥ ನಕ್ಷೆಗಳನ್ನು ಕಂಪ್ಯೂಟರ್ ವಿಜ್ಞಾನದ ಬೋಧಕರ ಮುಂದಿಟ್ಟು, ಇದರಲ್ಲಿ ಎಷ್ಟು ಡುಬ್ಬ ಎಂದು ಕೇಳಿದರು. ಹುಟ್ಟು ಪ್ರತಿಭೆಯನ್ನು ನಂಬುವವರಿಗೆ ಎರಡು ಡುಬ್ಬ ಹೆಚ್ಚಾಗಿ ಕಂಡವು. ಡುಬ್ಬ ನೋಡುವವರ ಕಣ್ಣಲ್ಲಿತ್ತು.

ಆದರೂ ಮೊದಲ ಪ್ರೋಗ್ರಾಮಿಂಗ್ ಕೋರ್ಸ್ ಹಲವರನ್ನು ನುಂಗುತ್ತದೆ ಎನ್ನುವುದು ಸುಳ್ಳಲ್ಲ. ಹಲವು ದೇಶಗಳ ಲೆಕ್ಕ ಒಟ್ಟುಮಾಡಿದ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರು ಪಾಸಾಗುವುದಿಲ್ಲ. ತಲೆಯ ಕಥೆ ಬಿಟ್ಟರೆ ಇದಕ್ಕೆ ಕಾರಣ ಏನು? ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಆಂಟನಿ ರಾಬಿನ್ಸ್ 2010ರಲ್ಲಿ ಕೊಟ್ಟ ಉತ್ತರ ನನ್ನನ್ನು ಹಿಡಿದುಬಿಟ್ಟಿದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಒಂಟೆ ಪರೀಕ್ಷೆಯಲ್ಲಿದ್ದ ಪ್ರಶ್ನೆಯನ್ನೇ ತೆಗೆದುಕೊಳ್ಳಿ. ಮೂರು ಸಾಲು: ಅ = 10. ಬ = 20. ಅ = ಬ. ಕೊನೆಯಲ್ಲಿ ಅ ಎಷ್ಟು, ಬ ಎಷ್ಟು? ಗಣಿತದಲ್ಲಿ ಸಮ ಚಿಹ್ನೆಗೆ ಒಗ್ಗಿದವರಿಗೆ ಇದು ಶುದ್ಧ ಅಸಂಬದ್ಧ. ಹತ್ತು ಇಪ್ಪತ್ತಕ್ಕೆ ಸಮವಾಗುವುದು ಹೇಗೆ? ಕೆಲವರು ಎರಡೂ ಬೆಲೆ ಅದಲುಬದಲಾಯಿತು ಎನ್ನುತ್ತಾರೆ. ಕೆಲವರು ಇಪ್ಪತ್ತು ಅಲ್ಲಿಗೆ ಹೋಯಿತು, ಬ ಖಾಲಿಯಾಯಿತು ಎನ್ನುತ್ತಾರೆ. ಎಡದಿಂದ ಬಲಕ್ಕೆ ಓದಿ ಬ ಹತ್ತಾಯಿತು ಎನ್ನುವವರೂ ಉಂಟು. ಒಂದೂ ದಡ್ಡತನದ ಉತ್ತರವಲ್ಲ. ಸರಿಯುತ್ತರ ಎರಡೂ 20. ಏಕೆಂದರೆ ಆ ಚಿಹ್ನೆ ಇಲ್ಲಿ 'ಸಮ' ಎನ್ನುವುದಿಲ್ಲ, 'ಬಲಗಡೆಯ ಬೆಲೆಯನ್ನು ನಕಲು ಮಾಡಿ ಎಡಗಡೆ ಇಡು' ಎನ್ನುತ್ತದೆ. ಯಾರಾದರೂ ಹೇಳಿಕೊಡದೆ ಇದು ಗೊತ್ತಾಗುವಂಥದ್ದಲ್ಲ.

ಈಗ ಇದು ಅರ್ಥವಾಗದವರ ಪಾಡು ನೋಡಿ. ಮುಂದಿನ ವಾರ ಲೂಪ್, ಅಂದರೆ ಒಂದೇ ಕೆಲಸವನ್ನು ಮತ್ತೆಮತ್ತೆ ಮಾಡಿಸುವ ಆಜ್ಞೆ, ಬರುತ್ತದೆ. ಲೂಪ್‌ನೊಳಗೆ 'ಎಣಿಕೆ = ಎಣಿಕೆ + 1' ಎಂಬ ಸಾಲು ಇರುತ್ತದೆ. ನಕಲಿನ ವಿಷಯ ಗೊತ್ತಿದ್ದವರಿಗೆ ಅದು ಕ್ಷಣದ ಕೆಲಸ, ಗೊತ್ತಿಲ್ಲದವರಿಗೆ ಎರಡನೆಯ ಒಗಟು. ಅದರ ಮುಂದಿನ ವಾರ ಅರೇ, ಅಂದರೆ ಸಾಲಾಗಿ ಜೋಡಿಸಿಟ್ಟ ಬೆಲೆಗಳು, ಅದನ್ನು ಓಡಾಡಿ ನೋಡಲು ಅದೇ ಲೂಪ್ ಬೇಕು. ಆಮೇಲೆ ಫಂಕ್ಷನ್, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯುವ ಆಜ್ಞೆಗಳ ಕಟ್ಟು, ಅದಕ್ಕೆ ಅರೇ ಕಳಿಸಬೇಕು. ಇತಿಹಾಸದ ತರಗತಿಯಲ್ಲಿ ಒಂದು ರಾಜವಂಶ ತಪ್ಪಿಸಿಕೊಂಡರೂ ಮುಂದಿನದನ್ನು ಓದಬಹುದು. ಇಲ್ಲಿ ಆಗದು. ಕೋರ್ಸ್ ಎನ್ನುವುದು ನಿಲ್ದಾಣ ಬಿಟ್ಟು ವೇಗ ಹಿಡಿಯುತ್ತಿರುವ ಬಸ್ಸು. ಎರಡು ಹೆಜ್ಜೆ ಮೊದಲು ಬಂದವನು ಕಾಲಿಟ್ಟು ಹತ್ತಿದ, ಕಿಟಕಿಯ ಪಕ್ಕ ಕೂತ. ಎರಡು ಹೆಜ್ಜೆ ತಡವಾದವಳು ಅವನಿಗಿಂತ ಜೋರಾಗಿ ಓಡಬೇಕು, ಕ್ಷಣಕ್ಷಣಕ್ಕೂ ಇನ್ನೂ ಜೋರಾಗಿ. ಕೊನೆಗೆ ಅವರ ನಡುವಿನ ಅಂತರ ಎರಡು ಮೈಲಿ. ಅದನ್ನು ನೋಡಿದವರು ಅವನ ಕಾಲು ವಿಶೇಷವಾದದ್ದು ಎನ್ನುತ್ತಾರೆ.

ಅಂಕಿಯಲ್ಲೂ ಹೇಳಬಹುದು. ಒಂದರ ಮೇಲೊಂದು ನಿಂತ ಹತ್ತು ಪರಿಕಲ್ಪನೆಗಳಿವೆ ಅಂದುಕೊಳ್ಳಿ. ಒಬ್ಬನಿಗೆ ಪ್ರತಿಯೊಂದೂ ಅರ್ಥವಾಗುವ ಸಾಧ್ಯತೆ ಶೇ 95, ಇನ್ನೊಬ್ಬಳಿಗೆ ಶೇ 80. ಯಾವ ಮೇಷ್ಟ್ರಿಗೂ ಮೊದಲ ದಿನ ಈ ವ್ಯತ್ಯಾಸ ಕಾಣುವುದಿಲ್ಲ. ಆದರೆ ಹತ್ತನ್ನೂ ದಾಟುವ ಸಾಧ್ಯತೆ ಅವನಿಗೆ ಸುಮಾರು ಶೇ 60, ಅವಳಿಗೆ ಶೇ 11ಕ್ಕಿಂತ ಕಡಿಮೆ. ರಾಬಿನ್ಸ್ ಈ ಸಿದ್ಧಾಂತವನ್ನು ಕಟ್ಟಿದ್ದು ಎರಡು ಡುಬ್ಬಗಳನ್ನು ವಿವರಿಸಲಿಕ್ಕೆ. ಡುಬ್ಬಗಳೇ ಬಹುಪಾಲು ಭ್ರಮೆ ಎಂದಮೇಲೆ ಅದನ್ನು ಎಸೆಯಬೇಕೇ? ಬೇಡ ಎನ್ನುತ್ತೇನೆ. ಡುಬ್ಬ ಇರಲಿ ಬಿಡಲಿ, ಸಣ್ಣ ಅಂತರ ದೊಡ್ಡದಾಗುವ ಬಗೆ ಇದರಲ್ಲಿದೆ. ಆ ಮೊದಲ ಹದಿನೈದು ಅಂಶ ಎಲ್ಲಿಂದ ಬಂತು ಎಂದು ಹುಡುಕಿದರೆ ವಂಶವಾಹಿ ಸಿಗುವುದಿಲ್ಲ. ಮನೆಯಲ್ಲಿ ಯಾರ ಕೈಗೆ ಕಂಪ್ಯೂಟರ್ ಸಿಕ್ಕಿತು, ಯಾರ ಶಾಲೆಯಲ್ಲಿ ಆ ವಿಷಯ ಇತ್ತು, ಕೋಡ್ ಬರೆಯುವ ಇಂಗ್ಲಿಷ್ ಪದಗಳು ಯಾರಿಗೆ ಮೊದಲೇ ಗೊತ್ತಿದ್ದವು ಎಂಬ ಪಟ್ಟಿ ಸಿಗುತ್ತದೆ.

ಇತಿಹಾಸವೂ ವಂಶವಾಹಿಯ ಕಥೆಯನ್ನು ನಗೆಗೀಡು ಮಾಡುತ್ತದೆ. 1946ರಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಎಂಬ ಆರಂಭಕಾಲದ ಎಲೆಕ್ಟ್ರಾನಿಕ್ ಕಂಪ್ಯೂಟರ್ ಯಂತ್ರಕ್ಕೆ ಪ್ರೋಗ್ರಾಂ ರಚಿಸಿದ್ದು ಆರು ಹೆಂಗಸರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬಿಲಾಸ್, ರೂತ್ ಲಿಕ್ಟರ್‌ಮನ್. ಯಂತ್ರ ಕಟ್ಟುವುದು ಗಂಡಸರ ಎಂಜಿನಿಯರಿಂಗ್, ಅದನ್ನು ನಡೆಸುವುದು ಗುಮಾಸ್ತಿಕೆ ಎಂಬ ಲೆಕ್ಕದಲ್ಲಿ ಆ ಕೆಲಸ ಅವರಿಗೆ ಬಂತು. ಅದು ಗುಮಾಸ್ತಿಕೆಯಲ್ಲ, ಮಹಾ ಕಷ್ಟದ್ದು ಎಂದು ಗೊತ್ತಾದಂತೆ ಸಂಬಳ ಏರಿತು, ಗೌರವ ಏರಿತು, ಅದಕ್ಕೆ 'ತಕ್ಕ ವ್ಯಕ್ತಿ'ಯನ್ನು ಹುಡುಕುವ ಪರೀಕ್ಷೆಗಳು ಬಂದವು. 1966ರಲ್ಲಿ ವಿಲಿಯಂ ಕ್ಯಾನನ್ ಮತ್ತು ಡಲ್ಲಿಸ್ ಪೆರಿ ಎಂಬ ಮನಃಶಾಸ್ತ್ರಜ್ಞರು 1,378 ಪ್ರೋಗ್ರಾಮರ್‌ಗಳನ್ನು ಪರಿಶೀಲಿಸಿ, ಇವರಿಗೆ ಒಗಟು ಇಷ್ಟ, ಜನರ ಸಹವಾಸ ಇಷ್ಟವಿಲ್ಲ ಎಂದು ಬರೆದರು. ಅವರಲ್ಲಿ ಹೆಂಗಸರು 186 ಮಾತ್ರ. ಅಂಥವರನ್ನೇ ಆರಿಸಿ ಎಂದರೆ ಅಂಥವರೇ ತುಂಬುತ್ತಾರೆ. ಆಮೇಲೆ ಮತ್ತೊಬ್ಬ ತಜ್ಞ ಬಂದು ನೋಡಿ, ಹೌದು, ಪ್ರೋಗ್ರಾಮರ್‌ಗಳು ಇಂಥವರೇ ಎನ್ನುತ್ತಾನೆ!

ಅಮೆರಿಕದಲ್ಲಿ 1980ರ ದಶಕದ ನಡುವಿನಲ್ಲಿ ಕಂಪ್ಯೂಟರ್ ಪದವೀಧರರಲ್ಲಿ ಹೆಂಗಸರು ಸುಮಾರು ಶೇ 37. ಇಪ್ಪತ್ತೈದು ವರ್ಷದ ನಂತರ ಸುಮಾರು ಶೇ 18. ಅಷ್ಟರಲ್ಲಿ ಮನೆಗೆ ಬಂದ ಕಂಪ್ಯೂಟರನ್ನು ಹುಡುಗರ ಆಟಿಕೆಯೆಂದು ಮಾರಲಾಗಿತ್ತು. ಇದೇ ಹೊತ್ತಿಗೆ ಮಲೇಷ್ಯಾದ ವಿಶ್ವವಿದ್ಯಾಲಯಗಳಲ್ಲಿ ಕಂಪ್ಯೂಟರ್ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು, ಕೆಲವೆಡೆ ಅದಕ್ಕೂ ಹೆಚ್ಚು ಹೆಣ್ಣುಮಕ್ಕಳಿದ್ದರು. ಇಪ್ಪತ್ತೈದು ವರ್ಷದಲ್ಲಿ ಅರ್ಧಕ್ಕಿಳಿಯುವ, ದೇಶದ ಗಡಿ ದಾಟಿದರೆ ದುಪ್ಪಟ್ಟಾಗುವ ವಂಶವಾಹಿ ಯಾವುದು, ಯಾರಾದರೂ ಜೀವಶಾಸ್ತ್ರಜ್ಞರು ಹೇಳಲಿ.

ಬಸ್ಸಿನ ವೇಗ ಬದಲಿಸಿದ ಕಡೆ ಏನಾಯಿತು ಎನ್ನುವುದಕ್ಕೂ ದಾಖಲೆ ಇದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಅಲನ್ ಫಿಶರ್ ವಿದ್ಯಾರ್ಥಿಗಳ ಜೊತೆ ವರ್ಷಗಟ್ಟಲೆ ಕೂತು ಮಾತಾಡಿದರು. ಮೊದಲೇ ಪ್ರೋಗ್ರಾಮಿಂಗ್ ಗೊತ್ತಿದ್ದವರೇ ಕೊನೆಯಲ್ಲೂ ಮುಂದಿರುತ್ತಾರೆ ಎಂಬ ನಂಬಿಕೆಗೆ ಆಧಾರ ಸಿಗಲಿಲ್ಲ. ಪ್ರವೇಶದಲ್ಲಿ ಆ ಅನುಭವಕ್ಕೆ ಕೊಡುತ್ತಿದ್ದ ತೂಕ ಇಳಿಸಿದರು, ಬೇರೆಬೇರೆ ಮಟ್ಟದವರಿಗೆ ಬೇರೆಬೇರೆ ಆರಂಭದ ಕೋರ್ಸ್ ಮಾಡಿದರು. 1995ರಲ್ಲಿ ಹೊಸ ಬ್ಯಾಚಿನಲ್ಲಿ ಶೇ 7 ಇದ್ದ ಹುಡುಗಿಯರು 2000ದಲ್ಲಿ ಶೇ 42 ಆದರು. ಹಾರ್ವಿ ಮಡ್ ಕಾಲೇಜಿನಲ್ಲೂ ಅನುಭವ ಇದ್ದವರನ್ನು, ಇಲ್ಲದವರನ್ನು ಬೇರೆ ಕೂರಿಸಿದರು. ತರಗತಿಯಲ್ಲಿ ತನಗೆ ಗೊತ್ತಿರುವುದನ್ನೆಲ್ಲ ಪ್ರಶ್ನೆಯ ವೇಷದಲ್ಲಿ ಪ್ರದರ್ಶಿಸುವ ಹುಡುಗ ಎಲ್ಲ ಕಡೆಯೂ ಇರುತ್ತಾನಲ್ಲ, ಅವನನ್ನು ಮೇಷ್ಟ್ರು ಪಕ್ಕಕ್ಕೆ ಕರೆದು, ನಿನ್ನ ಉತ್ಸಾಹ ಚೆನ್ನಾಗಿದೆ, ನಾವಿಬ್ಬರೂ ಆಮೇಲೆ ಮಾತಾಡೋಣ ಎನ್ನುತ್ತಿದ್ದರು. ಖರ್ಚಿಲ್ಲದ ಸುಧಾರಣೆ!

ಜಾರ್ಜಿಯಾ ಟೆಕ್ ಸಂಸ್ಥೆಯಲ್ಲಿ ಎಲ್ಲ ವಿಭಾಗದವರಿಗೂ ಪ್ರೋಗ್ರಾಮಿಂಗ್ ಕಡ್ಡಾಯ ಮಾಡಿದಾಗ ಕಲೆ, ವಾಸ್ತುಶಿಲ್ಪ, ಮ್ಯಾನೇಜ್‌ಮೆಂಟ್ ಓದುವವರಲ್ಲಿ ದಾಟಿದವರು ಅರ್ಧಕ್ಕಿಂತ ಕಡಿಮೆ. 2003ರಲ್ಲಿ ಮಾರ್ಕ್ ಗಜ್‌ಡಿಯಲ್ ಅದೇ ಲೂಪ್, ಅದೇ ಅರೇಗಳನ್ನು ಫೋಟೋ ಮತ್ತು ಧ್ವನಿಯ ಮೂಲಕ ಕಲಿಸತೊಡಗಿದರು. ಫೋಟೋದ ಪ್ರತಿ ಚುಕ್ಕೆಯ ಕೆಂಪು, ಹಸಿರು, ನೀಲಿ ಬೆಲೆಗಳನ್ನು 255ರಿಂದ ಕಳೆದರೆ ಅದು ನೆಗೆಟಿವ್ ಆಗುತ್ತದೆ. ಲೂಪ್ ಏಕೆ ಬೇಕೆಂದು ಬೇರೆ ಹೇಳಬೇಕಿಲ್ಲ. ದಾಟುವವರು ಸುಮಾರು ಶೇ 85ಕ್ಕೆ ಏರಿದರು.

ಎಲ್ಲ ಪರಿಹಾರವೂ ಎಲ್ಲರಿಗೂ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಟೈಪಿಂಗ್ ಕಾಟ ತಪ್ಪಿಸಿ ಬಣ್ಣದ ತುಂಡುಗಳನ್ನು ಎಳೆದು ಜೋಡಿಸುವ ಸ್ಕ್ರಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆ 2007ರಿಂದ ಲಕ್ಷಾಂತರ ಮಕ್ಕಳಿಗೆ ಬಾಗಿಲು ತೆರೆಯಿತು. ಕಣ್ಣು ಕಾಣದ ಮಗುವಿಗೆ ಅದೇ ಗೋಡೆಯಾಯಿತು. ಅಂಥವರನ್ನು ಮನಸ್ಸಿನಲ್ಲಿಟ್ಟು ಕ್ವೋರಮ್ ಭಾಷೆ ರೂಪಿಸಿದ ಆಂಡ್ರಿಯಾಸ್ ಸ್ಟೆಫಿಕ್, ಹೊಸಬರ ಮೇಲೆ ಭಾಷೆಗಳನ್ನೇ ಪರೀಕ್ಷೆ ಮಾಡಿದರು. ಪರ್ಲ್ ಮತ್ತು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಗಳ ವಾಕ್ಯರಚನೆ, ಪದ ಚಿಹ್ನೆಗಳನ್ನು ಮನಬಂದಂತೆ ಆರಿಸಿ ಮಾಡಿದ ಭಾಷೆಗಿಂತ ಹೊಸಬರಿಗೆ ಗಮನಾರ್ಹವಾಗಿ ಸುಲಭವೇನೂ ಆಗಿರಲಿಲ್ಲ! ಫೆಲಿಯೆನ್ ಹರ್ಮನ್ಸ್ 2020ರಲ್ಲಿ ತಂದ ಹೆಡಿ ಎಂಬ ಪ್ರೋಗ್ರಾಮಿಂಗ್ ಭಾಷೆ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯುತ್ತದೆ, ಆಜ್ಞೆಗಳನ್ನು ಹತ್ತಾರು ತಾಯ್ನುಡಿಗಳಲ್ಲಿ ಬರೆಯಬಹುದು.

ನನಗೆ ಆತಂಕ ಇರುವುದು ಇನ್ನೊಂದು ಕಡೆ. ಕಂಪ್ಯೂಟರ್ ಕೋರ್ಸಿಗೆ ನೂಕುನುಗ್ಗಲು ಆದಾಗಲೆಲ್ಲ ವಿಭಾಗಗಳು ಗೇಟು ಹಾಕುತ್ತವೆ: ಮೊದಲ ಕೋರ್ಸಿನಲ್ಲಿ ಇಷ್ಟು ಅಂಕ ಬಂದರೆ ಮಾತ್ರ ಮುಂದಕ್ಕೆ. 1980ರ ದಶಕದ ಅಮೆರಿಕದಲ್ಲಿ ಕಲಿಸುವವರು ಸಾಲದೆ ಹೀಗೇ ಮಾಡಿದರು, 2010ರ ನಂತರದ ನುಗ್ಗಲಿನಲ್ಲೂ ಹಲವರು ಮಾಡಿದರು. ನೋಡಲಿಕ್ಕೆ ಇದಕ್ಕಿಂತ ನ್ಯಾಯವಾದ ನಿಯಮ ಇಲ್ಲ, ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಆದರೆ ಆ ಪತ್ರಿಕೆ ಕೊಡುವ ಹೊತ್ತಿಗೆ ಒಬ್ಬನಿಗೆ ಅದು ಮೂರು ವರ್ಷ ಹಳೆಯ ವಿಷಯ, ಇನ್ನೊಬ್ಬಳಿಗೆ ಮೂರು ತಿಂಗಳದು. ಗೇಟು ಹಾಕಲೇಬೇಕಿದ್ದರೆ, ಮೊದಲೇ ಕಲಿತು ಬಂದವರಿಗೂ ಈಗ ಶುರು ಮಾಡಿದವರಿಗೂ ಬೇರೆ ಬೇರೆ ಲೆಕ್ಕ ಇಟ್ಟು ನೋಡುವುದು ಒಂದು ಸ್ಪ್ರೆಡ್‌ಶೀಟಿನ ಕೆಲಸ. ಕಂಪ್ಯೂಟರ್ ವಿಭಾಗದವರಿಗೆ ಅದು ಬಾರದ ವಿದ್ಯೆ ಅಲ್ಲವಲ್ಲ.